ಕಾರ್ಡನ್ನು ತಡೆದರಷ್ಟೇ ಸಾಲದು, ಏಕೆ ತಡೆದೆವೆಂದು ಬ್ಯಾಂಕು ಬಾಯಿಬಿಟ್ಟು ಹೇಳಲಿ

ಮಾನ್ಯ ಸಂಪಾದಕರಿಗೆ ವಂದನೆಗಳು.

ಆನ್‌ಲೈನ್ ಜೂಜಿಗೆ ಕ್ರೆಡಿಟ್ ಕಾರ್ಡ್ ಬಳಸದಂತೆ ಬ್ಯಾಂಕುಗಳು ತಡೆಯುವುದು ಗ್ರಾಹಕನ ಸ್ವಾತಂತ್ರ್ಯಕ್ಕೆ ಕೈ ಹಾಕಿದಂತೆ ಎಂದು ತಮ್ಮ ಪತ್ರಿಕೆಯ ಓದುಗರೊಬ್ಬರು ಇತ್ತೀಚೆಗೆ ಬರೆದಿದ್ದರು. ಕಾರ್ಡು ನನ್ನದು, ಹಣವೂ ನನ್ನದು, ಅದನ್ನು ಹೇಗೆ ಕಳೆಯಬೇಕೆಂದು ಹೇಳಲು ಬ್ಯಾಂಕು ಯಾರು ಎಂಬುದು ಅವರ ಮಾತಿನ ಸಾರ. ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನ ಒಳಗೆ ಕುಳಿತು, ನಿವೃತ್ತಿಯ ಬಳಿಕ ಅದೇ ಕೌಂಟರಿನ ಹೊರಗೆ ಸರದಿಯಲ್ಲಿ ನಿಲ್ಲುತ್ತಿರುವ ನನಗೆ ಆ ಪತ್ರದ ಅರ್ಧ ಭಾಗ ತಪ್ಪೆಂದೂ ಇನ್ನರ್ಧ ಭಾಗದಲ್ಲಿ ಕೇಳಿಸಿಕೊಳ್ಳಬೇಕಾದ ಮಾತಿದೆಯೆಂದೂ ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದ್ದರೆ ಕ್ಷಮೆಯಿರಲಿ. ಲೆಕ್ಕದ ವಿಷಯವನ್ನು ನಾಲ್ಕು ಸಾಲಿನಲ್ಲಿ ಮುಗಿಸುವ ಅಭ್ಯಾಸ ನಮ್ಮಂಥವರಿಗೆ ಇಲ್ಲ.

ಮೊದಲು ತಪ್ಪಿನ ಭಾಗ. ಕ್ರೆಡಿಟ್ ಕಾರ್ಡಿನಲ್ಲಿರುವುದು ಕಾರ್ಡುದಾರನ ಹಣವಲ್ಲ, ಬ್ಯಾಂಕು ಅವನಿಗೆ ಕೊಡಲೊಪ್ಪಿದ ಸಾಲ. ಡೆಬಿಟ್ ಕಾರ್ಡಿನಲ್ಲಿ ಜೂಜಾಡಿದವನು ತನ್ನ ಗಂಟನ್ನು ಕಳೆದುಕೊಳ್ಳುತ್ತಾನೆ, ಕ್ರೆಡಿಟ್ ಕಾರ್ಡಿನಲ್ಲಿ ಆಡಿದವನು ಇನ್ನೂ ಸಂಪಾದಿಸದ ಗಂಟನ್ನು ಕಳೆಯುತ್ತಾನೆ. ನಾನೇನೂ ಇಸ್ಪೀಟು ಮುಟ್ಟದ ಮಡಿವಂತನಲ್ಲ. ಹರೆಯದಲ್ಲಿ ಮಳೆಗಾಲದ ಸಂಜೆಗಳಲ್ಲಿ ಸಹೋದ್ಯೋಗಿಗಳ ಜೊತೆ ಚಿಲ್ಲರೆ ಕಾಸಿಟ್ಟು ರಮ್ಮಿ ಆಡಿದವನೇ. ಆದರೆ ಅಲ್ಲಿ ಜೇಬು ಬರಿದಾದವನು ಕೊಡೆ ಹಿಡಿದು ಮನೆಗೆ ಹೊರಡುತ್ತಿದ್ದ, ಎದುರು ಕೂತವನು ಅವನಿಗೆ ಸಾಲ ಕೊಟ್ಟು ಮತ್ತೆ ಕೂರಿಸುತ್ತಿರಲಿಲ್ಲ. ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತಿದ್ದರೂ ನಮ್ಮ ವಿರಾಜಪೇಟೆ ಕಡೆಯವರು ಮಾಕುಟ್ಟ ದಾಟಿ ಇರಿಟ್ಟಿಗೆ ಹೋದಾಗ ಕೇರಳ ಲಾಟರಿಯ ಟಿಕೆಟ್ ಕೊಂಡು ಅಂಗಿಯ ಜೇಬಿನಲ್ಲಿಟ್ಟು ತರುವುದು ಗುಟ್ಟಿನ ಸಂಗತಿಯೇನಲ್ಲ. ಅದನ್ನೂ ಕೈಯಲ್ಲಿರುವ ನೋಟು ಕೊಟ್ಟೇ ಕೊಳ್ಳಬೇಕು. ಜೇಬು ಬರಿದಾದ ಮೇಲೂ ಆಟ ನಿಲ್ಲದಂತೆ ಮಾಡಿದ್ದು ಫೋನಿನೊಳಗೆ ಸೇರಿಕೊಂಡ ಕಾರ್ಡು.

ಇದನ್ನು ನಾನು ದೂರದಿಂದ ನೋಡಿ ಹೇಳುತ್ತಿಲ್ಲ. ನನ್ನ ತಂಗಿಯ ಮಗನಿಗೆ ಇಪ್ಪತ್ತೇಳು ವರ್ಷ. ಮಡಿಕೇರಿ ಸಮೀಪದ ರೆಸಾರ್ಟೊಂದರ ಸ್ವಾಗತ ವಿಭಾಗದಲ್ಲಿ ತಿಂಗಳಿಗೆ 22,000 ರೂಪಾಯಿ ಸಂಬಳಕ್ಕೆ ದುಡಿಯುತ್ತಾನೆ. ಮನೆಯಲ್ಲಿ ಮೂರು ಎಕರೆ ರೊಬಸ್ಟಾ ಕಾಫಿ ತೋಟವಿದೆ, ಮರಗಳಿಗೆ ಹಬ್ಬಿದ ಒಂದಿಷ್ಟು ಕರಿಮೆಣಸಿದೆ. ಹೆಸರು ಮತ್ತು ಊರು ಬರೆಯಬಾರದೆಂಬ ಷರತ್ತಿನ ಮೇಲೆ ಈ ವಿವರಗಳನ್ನು ಹೇಳಲು ಅವನೇ ಒಪ್ಪಿದ್ದಾನೆ. ಕಳೆದ ಕೊಯ್ಲಿನ ಸಮಯದಲ್ಲಿ, ಕಣದಲ್ಲಿ ಕಾಫಿ ಒಣಗುತ್ತಿದ್ದ ಒಂದು ಮಧ್ಯಾಹ್ನ, ತಂಗಿ ನನ್ನನ್ನು ಕರೆಸಿ, ಅಡುಗೆಮನೆಯ ಮೇಜಿನ ಮೇಲೆ ಮಗನ ಕಾರ್ಡಿನ ಹದಿನೇಳು ತಿಂಗಳ ಸ್ಟೇಟ್‌ಮೆಂಟನ್ನೂ ಉಳಿತಾಯ ಖಾತೆಯ ಪಾಸ್‌ಬುಕ್ಕನ್ನೂ ಇಟ್ಟು, ‘ಅಣ್ಣ, ಇದರಲ್ಲಿ ಏನು ಬರೆದಿದೆ ಅಂತ ನನಗೆ ತಿಳಿಯುವ ಹಾಗೆ ಹೇಳು’ ಎಂದಳು. ಕೆಂಪು ಸೀಸದಕಡ್ಡಿ ಹಿಡಿದು ಒಂದೊಂದೇ ಸಾಲಿಗೆ ಗೀಟು ಹಾಕುತ್ತಾ ಹೋದೆ.

ಅಲ್ಲಿ ನನಗೆ ಕಂಡದ್ದನ್ನು ಇಷ್ಟು ವರ್ಷದ ಕೆಲಸದಲ್ಲಿ ಬೇರೆಲ್ಲೂ ಕಂಡಿರಲಿಲ್ಲ. ರಮ್ಮಿ ಮತ್ತು ಕ್ರಿಕೆಟ್ ಆ್ಯಪ್‌ಗಳಿಗೆ ಹೋದ ಹಣವೆಲ್ಲ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿತ್ತು, ಗೆದ್ದು ಬಂದ ಹಣವೆಲ್ಲ ಪಾಸ್‌ಬುಕ್ಕಿನಲ್ಲಿತ್ತು. ಹಣ ಹಾಕುವಾಗ ಕಾರ್ಡಿನಿಂದ ಪಡೆಯುತ್ತಿದ್ದ ಆ್ಯಪ್, ಗೆದ್ದ ಹಣವನ್ನು ಹಿಂದಿರುಗಿಸುವಾಗ ಬ್ಯಾಂಕ್ ಖಾತೆಗೆ ಜಮೆ ಮಾಡುತ್ತಿತ್ತು. ಹೀಗಾಗಿ ಸೋಲು ಒಂದು ಪುಸ್ತಕದಲ್ಲಿ, ಗೆಲುವು ಇನ್ನೊಂದು ಪುಸ್ತಕದಲ್ಲಿ. ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದ ತಾಯಿಗೆ 2,000, 3,500, 900 ಎಂದು ಜಮೆಯ ಸಾಲುಗಳೇ ಕಾಣುತ್ತಿದ್ದವು. ಮಗ ಏನೋ ಉಪಕಸುಬು ಮಾಡಿಕೊಂಡಿದ್ದಾನೆ ಎಂದು ಅವಳು ಸಮಾಧಾನವಾಗಿದ್ದಳು. ತಾಯಿಯ ಮಾತಿರಲಿ, ಆಡುವವನೇ ಮೋಸಹೋಗಿದ್ದ. ಉಳಿತಾಯ ಖಾತೆಗೆ ಬಂದ ಹಣ ಪೆಟ್ರೋಲಿಗೆ, ಗೆಳೆಯರ ಊಟಕ್ಕೆ ಖರ್ಚಾಗಿ ಹೋಗುತ್ತಿತ್ತು, ಕಾರ್ಡಿನ ಬಾಕಿ ಮಾತ್ರ ಇದ್ದಲ್ಲೇ ಬೆಳೆಯುತ್ತಿತ್ತು. ಎರಡನ್ನೂ ಒಂದೇ ಹಾಳೆಯ ಮೇಲೆ ತಂದಾಗ ಹೋದದ್ದು 1,38,500, ಬಂದದ್ದು 71,300. ಕಳೆದುಕೊಂಡದ್ದು 67,200 ಎಂದು ನಾನು ಕೆಳಗೆ ಬರೆದು ಎರಡು ಗೆರೆ ಎಳೆದೆ. ಅವನು ಆ ಹಾಳೆಯನ್ನು ಬಹಳ ಹೊತ್ತು ನೋಡಿ, ‘ಮಾವ, ನಾನು ಸ್ವಲ್ಪ ಲಾಭದಲ್ಲೇ ಇದ್ದೇನೆ ಅಂದುಕೊಂಡಿದ್ದೆ’ ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ.

ಬಡ್ಡಿಯ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಕಾರ್ಡು ಹಿಡಿದವರಲ್ಲಿ ಇದನ್ನು ಕೈಯಾರೆ ಮಾಡಿ ನೋಡಿದವರು ಕಡಿಮೆ. ಅವನ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5, ಅಂದರೆ ವರ್ಷಕ್ಕೆ ಶೇ 42. ಬಾಕಿ 60,000 ಇದ್ದ ತಿಂಗಳು ಬಡ್ಡಿಯೇ 2,100 ರೂಪಾಯಿ, ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ 378 ರೂಪಾಯಿ. ಅವನು ‘ಮಿನಿಮಮ್’ ಎಂದು ಕಟ್ಟುತ್ತಿದ್ದ 3,000 ರೂಪಾಯಿಯಲ್ಲಿ ಅಸಲಿಗೆ ಸಂದದ್ದು 522 ರೂಪಾಯಿ. ಬಾಕಿಯನ್ನು ಪೂರ್ತಿ ತೀರಿಸದೆ ಮುಂದಕ್ಕೆ ತಳ್ಳಿದವನಿಗೆ ಬಡ್ಡಿರಹಿತ ಅವಧಿ ಎಂಬ ಸೌಲಭ್ಯವೂ ತಪ್ಪುತ್ತದೆ, ಅನಂತರ ಅದೇ ಕಾರ್ಡಿನಲ್ಲಿ ಕೊಂಡ ಅಕ್ಕಿ ಬೇಳೆಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ತಂಗಿ ತನ್ನ ಸ್ವಸಹಾಯ ಸಂಘದಲ್ಲಿ ವಾರದ ಕಂತು ತಪ್ಪಿಸಿದ ಹೆಂಗಸರಿಗೆ ಬುದ್ಧಿ ಹೇಳುವವಳು. ವರ್ಷಕ್ಕೆ ಶೇ 42 ಎಂದಾಗ ಅವಳು ಕೇಳಿದ್ದು ಒಂದೇ ಮಾತು, ‘ಇದು ಬ್ಯಾಂಕೋ, ಮೀಟರ್ ಬಡ್ಡಿಯವನೋ?’ ಬ್ಯಾಂಕಿನ ಪಿಂಚಣಿ ಉಣ್ಣುವ ನಾನು ಆ ಪ್ರಶ್ನೆಗೆ ಉತ್ತರ ಕೊಡದೆ ಮುಂದಿನ ಪುಟ ತಿರುಗಿಸಿದೆ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಇಂಥ ಆಟಗಳನ್ನು ನಡೆಸುವುದಷ್ಟೇ ಅಲ್ಲ, ಅವುಗಳಿಗೆ ಹಣ ದಾಟಿಸಿಕೊಡುವುದನ್ನೂ ಆ ಕಾಯ್ದೆ ಅಪರಾಧವೆಂದು ಹೇಳುತ್ತದೆ. ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡುವವನನ್ನು ಅದು ಅಪರಾಧಿಯಾಗಿ ಕಾಣುವುದಿಲ್ಲ, ಅದು ಸರಿಯಾದದ್ದೇ. ಕೌಶಲದ ಆಟ ಯಾವುದು, ಅದೃಷ್ಟದ ಆಟ ಯಾವುದು ಎಂಬ ವಾದ ಹಳೆಯದು. ನಮ್ಮ ರಾಜ್ಯವೇ 2021ರಲ್ಲಿ ತಂದ ಪೊಲೀಸ್ ಕಾಯ್ದೆಯ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತ್ತು, ಕೇಂದ್ರದ ಹೊಸ ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿವೆ. ಆ ವಾದಕ್ಕೆ ನಾನು ಇಳಿಯುವುದಿಲ್ಲ. ಕಾಯ್ದೆ ಬರುವ ಮುನ್ನ ಬ್ಯಾಂಕುಗಳೇನೂ ಸುಮ್ಮನಿರಲಿಲ್ಲ ಎಂಬುದನ್ನು ಮಾತ್ರ ನೆನಪಿಸುತ್ತೇನೆ. ದೊಡ್ಡ ಖಾಸಗಿ ಬ್ಯಾಂಕೊಂದು 2025ರ ಜುಲೈ 1ರಿಂದ, ತಿಂಗಳಿಗೆ 10,000 ರೂಪಾಯಿ ಮೀರಿ ಇಂಥ ಆಟಗಳಿಗೆ ಕ್ರೆಡಿಟ್ ಕಾರ್ಡಿನಲ್ಲಿ ಹಣ ಹಾಕಿದರೆ ಶೇ 1ರ ಶುಲ್ಕ ವಿಧಿಸತೊಡಗಿತು. ತಡೆಯಲೂ ಇಲ್ಲ, ಬಿಡಲೂ ಇಲ್ಲ, ಗೇಟಿನಲ್ಲಿ ನಿಂತು ಸುಂಕ ಎತ್ತಿತು. ಸರ್ಕಾರವೂ 2023ರ ಅಕ್ಟೋಬರ್‌ನಿಂದ ಆಟಕ್ಕೆ ಹಾಕಿದ ಪೂರ್ತಿ ಹಣದ ಮೇಲೆ ಶೇ 28ರ ಜಿಎಸ್‌ಟಿ ಪಡೆಯುತ್ತಿತ್ತು.

ಕಾಯ್ದೆ ಬಂದ ವಾರದಲ್ಲಿ ದೇಶದ ದೊಡ್ಡ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು. ನಮ್ಮ ಹುಡುಗನ ಆ್ಯಪ್‌ನಲ್ಲಿ ಉಳಿದಿದ್ದ 1,140 ರೂಪಾಯಿ ಖಾತೆಗೆ ವಾಪಸು ಬಂತು. ಅನಂತರದ ಮೂರು ವಾರ ಅವನು ಆಡಲಿಲ್ಲ. ಆಡಬಾರದೆಂದು ನಿರ್ಧರಿಸಿಯಲ್ಲ, ಆಡಲು ಜಾಗವಿರಲಿಲ್ಲ ಅಷ್ಟೇ. ತಡೆಯಿಂದ ಪ್ರಯೋಜನವಿಲ್ಲ ಎನ್ನುವವರು ಈ ಮೂರು ವಾರವನ್ನು ಗಮನಿಸಬೇಕು. ಬಾಗಿಲು ಮುಚ್ಚಿದ್ದರೆ ಹೆಚ್ಚಿನವರು ಮನೆಗೆ ಹಿಂದಿರುಗುತ್ತಾರೆ, ಎಲ್ಲರೂ ಹಿತ್ತಿಲ ಗೋಡೆ ಹಾರುವುದಿಲ್ಲ.

ಅವನು ಹಾರಿದ. ಹೇಗೆ ಹಾರಿದ ಎಂಬುದೇ ಈ ಪತ್ರ ಬರೆಯಲು ಕಾರಣ. ಟೆಲಿಗ್ರಾಂನಲ್ಲಿ ಯಾರೋ ಕಳಿಸಿದ ಕೊಂಡಿಯ ಮೂಲಕ ಒಂದು ವಿದೇಶಿ ತಾಣಕ್ಕೆ ಹೋಗಿ, ರಾತ್ರಿ ಪಾಳಿಯಲ್ಲಿದ್ದಾಗ ಒಂದೂವರೆ ಗಂಟೆಗೆ ಕಾರ್ಡಿನಿಂದ 2,000 ರೂಪಾಯಿ ಹಾಕಿದ. ಅದು ಹೋಯಿತು. ಸ್ಟೇಟ್‌ಮೆಂಟಿನಲ್ಲಿ ಆ ಸಾಲು ಯಾವುದೋ ಸಿದ್ಧ ಉಡುಪಿನ ಅಂಗಡಿಯ ಹೆಸರಿನಲ್ಲಿದೆ. ಮರುವಾರ ಹಾಕಲು ಹೋದಾಗ ಬ್ಯಾಂಕು ತಡೆಯಿತು. ತಡೆದ ಬ್ಯಾಂಕು ಅವನ ಫೋನಿಗೆ ಕಳಿಸಿದ ಸಂದೇಶವನ್ನು ಅವನು ನನಗೆ ತೋರಿಸಿದ. ‘ನಿಮ್ಮ ವಹಿವಾಟು ವಿಫಲವಾಗಿದೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.’ ಅಷ್ಟೇ. ಜೂಜಿನ ಪಾವತಿಯಾದ್ದರಿಂದ ತಡೆದಿದ್ದೇವೆ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ.

ಕೊಡಗಿನಲ್ಲಿ ಬದುಕುವವನಿಗೆ ಈ ಸಂದೇಶ ಏನು ಹೇಳುತ್ತದೆಂದು ಹೊರಗಿನವರಿಗೆ ತಿಳಿಯಲಾರದು. ಇಲ್ಲಿ ಗಾಳಿ ಬೀಸಿ ಮರ ಬಿದ್ದರೆ ಕರೆಂಟ್ ಇಲ್ಲ, ಕರೆಂಟ್ ಹೋದ ಕೆಲವು ಗಂಟೆಗೆ ಟವರ್ ಇಲ್ಲ, ಟವರ್ ಇದ್ದ ದಿನವೂ ಮನೆಯ ಜಗಲಿಯ ಒಂದೇ ಮೂಲೆಯಲ್ಲಿ ಸಿಗ್ನಲ್. ವಹಿವಾಟು ವಿಫಲವಾಯಿತೆಂದರೆ ನಾವು ಫೋನನ್ನು ಎತ್ತಿ ಹಿಡಿದು ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತೇವೆ. ಅವನೂ ಅದನ್ನೇ ಮಾಡಿದ. ‘ನೆಟ್‌ವರ್ಕ್ ಇಲ್ಲ ಅಂದುಕೊಂಡೆ ಮಾವ, ಹೊರಗೆ ಪಾರ್ಕಿಂಗಿಗೆ ಬಂದು ಇನ್ನೊಂದು ಸಲ ಹಾಕಿದೆ’ ಎಂದ. ಅದೂ ವಿಫಲವಾದಾಗ ತಾಣದವರು ಚಾಟ್‌ನಲ್ಲಿ ಬಂದು, ಕಾರ್ಡಿನ ಸರ್ವರ್ ಕೆಟ್ಟಿದೆ ಸರ್, ಈ ಕ್ಯೂಆರ್ ಕೋಡಿಗೆ ಹಾಕಿ ಎಂದರು. ಬ್ಯಾಂಕಿನ ಸಂದೇಶವೂ ಕಳ್ಳರ ಸಂದೇಶವೂ ಒಂದೇ ಕಾರಣ ಹೇಳುತ್ತಿದ್ದವು. ಕ್ಯೂಆರ್ ಯಾರೋ ಒಬ್ಬ ವ್ಯಕ್ತಿಯ ಖಾತೆಯದು. ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡಿನಿಂದಲೂ ವ್ಯಕ್ತಿಯ ಖಾತೆಗೆ ಹಣ ಕಳಿಸಲಾಗದು, ವ್ಯಾಪಾರಿಗೆ ಮಾತ್ರ ಕಳಿಸಬಹುದು. ಆದ್ದರಿಂದ ಅವನು ಉಳಿತಾಯ ಖಾತೆಯಿಂದ ಕಳಿಸಿದ. ಅಲ್ಲಿ ಹಣ ಮುಗಿದಾಗ ಸಾಲದ ಆ್ಯಪ್ ಒಂದರಿಂದ 8,000 ಸಾಲ ಪಡೆದ. ಕೈಗೆ ಬಂದದ್ದು 5,200, ಏಳು ದಿನದಲ್ಲಿ ಕಟ್ಟಬೇಕಾದದ್ದು ಪೂರ್ತಿ 8,000. ಡಿಜಿಟಲ್ ಸಾಲಕ್ಕೆ ರಿಸರ್ವ್ ಬ್ಯಾಂಕು 2022ರಲ್ಲೇ ನಿಯಮ ಮಾಡಿದೆ, ನಿಜ. ನಿಯಮ ಪಾಲಿಸುವವರ ಆ್ಯಪ್ ರಾತ್ರಿ ಎರಡು ಗಂಟೆಗೆ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಕಾರ್ಡಿನ ತಡೆ ಹೇಗೆ ನಡೆಯುತ್ತದೆಂದು ಎರಡು ಮಾತು. ಕಾರ್ಡಿನಲ್ಲಿ ಹಣ ಪಡೆಯುವ ಪ್ರತಿ ವ್ಯಾಪಾರಿಗೂ ನಾಲ್ಕಂಕಿಯ ಒಂದು ವರ್ಗಸಂಖ್ಯೆ ಇರುತ್ತದೆ. ಬೆಟ್ಟಿಂಗ್ ಮತ್ತು ಜೂಜಿನದು 7995. ಆ ಸಂಖ್ಯೆ ಹೊತ್ತು ಬಂದ ಕೋರಿಕೆಯನ್ನು ಬ್ಯಾಂಕಿನ ಯಂತ್ರ ತಿರಸ್ಕರಿಸಬಲ್ಲದು. ಆದರೆ ಜೂಜಿನವನು ಬಟ್ಟೆ ಅಂಗಡಿಯ ಸಂಖ್ಯೆ ಹೊತ್ತು ಬಂದರೆ ಯಂತ್ರಕ್ಕೆ ತಿಳಿಯದು. ಇದು ನಮ್ಮಲ್ಲೇ ಹುಟ್ಟಿದ ವಿದ್ಯೆಯಲ್ಲ. ಅಮೆರಿಕ 2006ರಲ್ಲಿ ಇಂಟರ್ನೆಟ್ ಜೂಜಿಗೆ ಹಣ ಸಾಗದಂತೆ ಕಾನೂನು ಮಾಡಿತು. 2011ರ ಏಪ್ರಿಲ್ 15ರಂದು ಅಲ್ಲಿನ ಅಧಿಕಾರಿಗಳು ಮೂರು ದೊಡ್ಡ ಪೋಕರ್ ಕಂಪನಿಗಳ ವಿರುದ್ಧ ದೋಷಾರೋಪ ಬಹಿರಂಗಪಡಿಸಿದಾಗ, ಆಟಗಾರರ ಹಣವನ್ನು ಗಾಲ್ಫ್ ಚೆಂಡು, ಆಭರಣ ಮಾರುವ ಅಂಗಡಿಗಳ ಹೆಸರಿನಲ್ಲಿ ಬ್ಯಾಂಕುಗಳ ಕಣ್ಣು ತಪ್ಪಿಸಿ ದಾಟಿಸಲಾಗಿತ್ತು ಎಂಬ ಆರೋಪ ಅದರಲ್ಲಿತ್ತು. ಆ ಪೈಕಿ ಒಂದು ಕಂಪನಿಯಲ್ಲಿ ಸಿಕ್ಕಿಬಿದ್ದ ಅಮೆರಿಕದ ಆಟಗಾರರಿಗೆ ಹಣ ವಾಪಸು ಬರತೊಡಗಿದ್ದು 2014ರಲ್ಲಿ. ನಮ್ಮ ಮನೆಯ ಸ್ಟೇಟ್‌ಮೆಂಟಿನ ಸಿದ್ಧ ಉಡುಪಿಗೂ ಆ ಗಾಲ್ಫ್ ಚೆಂಡಿಗೂ ನಂಟಿದೆ. ಮೂರು ಸಾವಿರ ಅಡಿ ಎತ್ತರದ ಹಳ್ಳಿಯಲ್ಲಿ, ಜಾಕೆಟನ್ನೂ ಸಂತೆಯಲ್ಲಿ ಕೊಳ್ಳುವ ಹುಡುಗ ರಾತ್ರಿ ಒಂದೂವರೆಗೆ ಉಡುಪು ಕೊಂಡನೆಂದು ನಂಬುವಷ್ಟು ಯಂತ್ರ ಮುಗ್ಧ.

ಹಾಗಿದ್ದರೂ ತಡೆ ವ್ಯರ್ಥವಲ್ಲ ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ಇದೆ. ಅಲ್ಲಿ ಜೂಜು ಕಾನೂನುಬದ್ಧ, ಪರವಾನಗಿ ಪಡೆದ ಕಂಪನಿಗಳಿವೆ, ಅವಕ್ಕೆ ಆಯೋಗವಿದೆ. ಆದರೂ ಆ ಆಯೋಗವೇ 2020ರ ಏಪ್ರಿಲ್ 14ರಿಂದ ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವುದನ್ನು ನಿಷೇಧಿಸಿತು. ಕ್ರೆಡಿಟ್ ಕಾರ್ಡ್ ಬಳಸಿ ಆನ್‌ಲೈನ್ ಜೂಜಾಡುವವರಲ್ಲಿ ಶೇ 22 ಮಂದಿ ಜೂಜಿನ ಚಟದ ತೊಂದರೆಗೆ ಸಿಲುಕಿದವರು ಎಂಬ ಲೆಕ್ಕ ಅದರ ಮುಂದಿತ್ತು. ಕಾರ್ಡಿನಿಂದ ವ್ಯಾಲೆಟ್‌ಗೆ ತುಂಬಿಸಿ ವ್ಯಾಲೆಟ್‌ನಿಂದ ಆಡುವ ಅಡ್ಡದಾರಿಯನ್ನೂ ಅದು ಮೊದಲ ದಿನವೇ ಮುಚ್ಚಿತು. ಆಸ್ಟ್ರೇಲಿಯ 2024ರ ಜೂನ್ 11ರಿಂದ ಆನ್‌ಲೈನ್ ಬೆಟ್ಟಿಂಗಿಗೆ ಕ್ರೆಡಿಟ್ ಕಾರ್ಡನ್ನೂ, ಅದಕ್ಕೆ ಜೋಡಿಸಿದ ವ್ಯಾಲೆಟ್‌ಗಳನ್ನೂ, ಕ್ರಿಪ್ಟೊ ಹಣವನ್ನೂ ನಿಲ್ಲಿಸಿತು, ಲಾಟರಿಯನ್ನು ಮಾತ್ರ ಬಿಟ್ಟಿತು. ಜೂಜನ್ನು ಒಪ್ಪಿಕೊಂಡ ದೇಶಗಳೇ ಸಾಲದ ಜೂಜನ್ನು ಒಪ್ಪಿಲ್ಲ ಎಂಬುದನ್ನು ‘ಹಣ ನನ್ನದು’ ಎಂದ ಓದುಗ ಮಿತ್ರರು ಯೋಚಿಸಬೇಕೆಂದು ಕೋರುತ್ತೇನೆ.

ಆದರೆ ಆ ಮಿತ್ರರು ಬರೆದ ಇನ್ನೊಂದು ಮಾತಿದೆ. ಬ್ಯಾಂಕಿನ ದಾರಿ ಮುಚ್ಚಿದರೆ ಆಟಗಾರ ಕತ್ತಲ ದಾರಿ ಹಿಡಿಯುತ್ತಾನೆ, ಅಲ್ಲಿ ಅವನನ್ನು ಕಾಯುವವರು ಯಾರೂ ಇಲ್ಲ ಎಂದಿದ್ದರು. ಇದನ್ನು ನಾನು ಅಲ್ಲಗಳೆಯಲಾರೆ, ಏಕೆಂದರೆ ನಮ್ಮ ಮನೆಯಲ್ಲಿ ಆದದ್ದು ಅದೇ. ಆ ವಿದೇಶಿ ತಾಣದಲ್ಲಿ ಒಂದು ರಾತ್ರಿ ಅವನು 4,200 ರೂಪಾಯಿ ಗೆದ್ದ. ಹಣ ಬಂದದ್ದು ವಂಚಕರು ಹಣ ದಾಟಿಸಲು ಬಾಡಿಗೆಗೆ ಪಡೆದ ಯಾರದೋ ಖಾತೆಯಿಂದ. ಆ ಖಾತೆಗೆ ಬೇರೆ ರಾಜ್ಯದ ಯಾರೋ ಮೋಸಹೋದವರ ಹಣ ಬಂದಿತ್ತು. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರು. ದೂರಿನ ಜಾಡು ಹಿಡಿದ ಸೈಬರ್ ಪೊಲೀಸರ ಕೋರಿಕೆಯಂತೆ, ಹಣ ಹಾದುಹೋದ ಖಾತೆಗಳೆಲ್ಲ ಒಂದೊಂದಾಗಿ ಸ್ಥಗಿತವಾದವು, ನಮ್ಮ ಹುಡುಗನದೂ ಸೇರಿ. ಮೋಸಹೋದವರು ದೂರು ಕೊಟ್ಟದ್ದು ಸರಿ, ಪೊಲೀಸರು ಬೆನ್ನು ಹತ್ತಿದ್ದೂ ಸರಿ. ಆದರೆ ವ್ಯಾಜ್ಯದಲ್ಲಿದ್ದ 4,200 ರೂಪಾಯಿಯನ್ನಷ್ಟೇ ಹಿಡಿದಿಡುವ ಬದಲು ಬ್ಯಾಂಕು ಪೂರ್ತಿ ಖಾತೆಯನ್ನೇ ಹಿಡಿದಿಟ್ಟಿತು. ಆ ವಾರವೇ ಗೋಣಿಕೊಪ್ಪಲಿನ ವ್ಯಾಪಾರಿ ವರ್ಷದ ಕಾಫಿಯ ಬಾಬ್ತು 1,86,000 ರೂಪಾಯಿಯನ್ನು ಅದೇ ಖಾತೆಗೆ ಹಾಕಿದ್ದ. ಕೊಯ್ಲಿಗೆ ಬಂದವರು ತೋಟದ ಕಾರ್ಮಿಕರ ಲೈನ್ ಮನೆಯ ಮುಂದೆ ಶನಿವಾರದ ಬಟವಾಡೆಗೆ ಕಾದು ನಿಂತಿದ್ದರು. ತಂಗಿ ಕತ್ತಿನ ಸರ ಬಿಚ್ಚಿ ಚಿನ್ನದ ಸಾಲಕ್ಕೆ ಇಟ್ಟಳು. ಶಾಖೆಯಲ್ಲಿ ಕೇಳಿದರೆ, ಆ ಪೊಲೀಸ್ ಠಾಣೆಯಿಂದಲೇ ಪತ್ರ ತನ್ನಿ ಎಂದರು. ಠಾಣೆ ಎರಡು ರಾಜ್ಯದಾಚೆ ಇದೆ.

ಆ ತಾಣದಲ್ಲಿ ಆಡಿದ್ದರಿಂದ ಅವನು ಇನ್ನೊಂದು ಕಾನೂನಿನ ಎದುರೂ ನಿಂತಂತಾಗಿದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ ಎಂಬ ಪಣದಾಟಗಳಂಥವುಗಳಿಗಾಗಿ ವಿದೇಶಕ್ಕೆ ಹಣ ಕಳಿಸುವುದನ್ನು ವಿದೇಶಿ ವಿನಿಮಯದ ನಿಯಮಗಳು 2000ದಿಂದಲೇ ನಿಷೇಧಿಸಿವೆ. ಕಾರ್ಡನ್ನು ಕೊಡುವಾಗ ಏಳೆಂಟು ಕಡೆ ಸಹಿ ಹಾಕಿಸಿಕೊಂಡವರು ಈ ಒಂದು ಮಾತನ್ನು ಬಾಯಲ್ಲಿ ಹೇಳಿದ್ದರೂ ಸಾಕಿತ್ತು.

ಆದ್ದರಿಂದ ನನ್ನ ಬೇಡಿಕೆ ತಡೆಯನ್ನು ತೆಗೆಯಿರಿ ಎಂಬುದಲ್ಲ, ತಡೆಯುವಾಗ ಮಾತಾಡಿರಿ ಎಂಬುದು. ಜೂಜಿನ ವರ್ಗಸಂಖ್ಯೆಯ ಕಾರಣಕ್ಕೆ ಪಾವತಿ ತಿರಸ್ಕೃತವಾದಾಗ ಬ್ಯಾಂಕು ಗ್ರಾಹಕನಿಗೆ ಅವನ ಭಾಷೆಯಲ್ಲಿ, ಕನ್ನಡದಲ್ಲಿ, ಹೀಗೆ ಬರೆಯಬೇಕು: ಇದು ಹಣದ ಆಟದ ಪಾವತಿ, ಕಾನೂನಿನ ಪ್ರಕಾರ ಇದನ್ನು ನಾವು ಮಾಡುವುದಿಲ್ಲ, ಬೇರೆ ಕ್ಯೂಆರ್ ಕೊಟ್ಟರೆ ಅದು ಮೋಸವಿರಬಹುದು, ಆಟ ಬಿಡಲಾಗುತ್ತಿಲ್ಲ ಎನಿಸಿದರೆ 14416ಕ್ಕೆ ಕರೆ ಮಾಡಿ. ಈ ಕೊನೆಯದು ಟೆಲಿ ಮಾನಸ್‌ನ ಸಂಖ್ಯೆ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲಿ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಒಟಿಪಿ ಯಾರಿಗೂ ಹೇಳಬೇಡಿ ಎಂದು ದಿನಕ್ಕೆ ನಾಲ್ಕು ಸಲ ಸಂದೇಶ ಕಳಿಸುವ ಬ್ಯಾಂಕಿಗೆ ಈ ನಾಲ್ಕು ಸಾಲು ಭಾರವಾಗದು. ರಾತ್ರಿ ಒಂದೂವರೆಗೆ ರೆಸಾರ್ಟಿನ ಪಾರ್ಕಿಂಗಿನಲ್ಲಿ ಫೋನೆತ್ತಿ ಹಿಡಿದು ನಿಂತವನಿಗೆ ಆ ಹೊತ್ತಿನಲ್ಲಿ ಮಾತಾಡಬಲ್ಲವರು ಬೇರೆ ಯಾರೂ ಇರುವುದಿಲ್ಲ. ಅವನು ನನಗೆ ಹೇಳಿದ್ದು ಹೀಗೆ: ‘ಬ್ಯಾಂಕಿಗೆ ಗೊತ್ತಾಗಿದೆ ಅಂತ ತಿಳಿದಿದ್ದರೆ ನಾಚಿಕೆಗಾದರೂ ನಿಲ್ಲಿಸುತ್ತಿದ್ದೆ.’ ಎಲ್ಲರೂ ನಿಲ್ಲಿಸುತ್ತಾರೆಂದು ನಾನು ಹೇಳಲಾರೆ.

ಎರಡನೆಯದು ಗ್ರಾಹಕನ ಕೈಗೇ ಬೀಗ ಕೊಡುವುದು. ಬ್ರಿಟನ್ನಿನ ಹಲವು ಬ್ಯಾಂಕುಗಳ ಆ್ಯಪ್‌ನಲ್ಲಿ ಜೂಜಿನ ಪಾವತಿಯನ್ನು ಮುಚ್ಚುವ ಪ್ರತ್ಯೇಕ ಗುಂಡಿಯಿದೆ. ಮುಚ್ಚುವುದು ಒಂದು ಕ್ಷಣದ ಕೆಲಸ, ಮತ್ತೆ ತೆರೆಯಬೇಕಾದರೆ ಬ್ಯಾಂಕಿಗನುಸಾರವಾಗಿ 48 ಗಂಟೆಯೋ 72 ಗಂಟೆಯೋ ಕಾಯಬೇಕು. ಈ ಕಾಯುವಿಕೆಯಲ್ಲೇ ಅದರ ಜಾಣ್ಮೆಯಿದೆ. ಹಗಲಿನ ವಿವೇಕದಲ್ಲಿ ಹಾಕಿದ ಬೀಗವನ್ನು ರಾತ್ರಿಯ ಹುಚ್ಚಿನಲ್ಲಿ ತೆಗೆಯಲಾಗದು. ನಮ್ಮ ರಿಸರ್ವ್ ಬ್ಯಾಂಕು 2020ರ ಜನವರಿಯ ಸುತ್ತೋಲೆಯಲ್ಲೇ ಕಾರ್ಡುದಾರನು ತನ್ನ ಕಾರ್ಡಿನ ಆನ್‌ಲೈನ್ ಬಳಕೆ, ವಿದೇಶಿ ಬಳಕೆ, ಎಟಿಎಂ ಬಳಕೆಗಳನ್ನು ತಾನೇ ತೆರೆದು ಮುಚ್ಚುವ, ಮಿತಿ ಹಾಕುವ ಅನುಕೂಲ ಕೊಡಬೇಕೆಂದು ಬ್ಯಾಂಕುಗಳಿಗೆ ಹೇಳಿತ್ತು. ಅಂದರೆ ಗುಂಡಿಗಳ ಹಲಗೆ ಈಗಾಗಲೇ ಇದೆ, ಅದರಲ್ಲಿ ಇನ್ನೊಂದು ಗುಂಡಿ ಕೂರಿಸುವ ಕೆಲಸ ಮಾತ್ರ ಬಾಕಿ. ಅದು ಕಾರ್ಡಿಗೆ ಸೀಮಿತವಾಗದೆ ವ್ಯಾಲೆಟ್‌ಗೆ ಹಣ ತುಂಬುವುದಕ್ಕೂ ಯುಪಿಐಗೂ ಅನ್ವಯಿಸಬೇಕು, ಇಲ್ಲವಾದರೆ ಮುಂಬಾಗಿಲಿಗೆ ಚಿಲಕ ಹಾಕಿ ಅಡುಗೆಮನೆಯ ಬಾಗಿಲು ತೆರೆದಿಟ್ಟಂತಾಗುತ್ತದೆ. ಖಾತೆ ಸ್ಥಗಿತದ ವಿಷಯದಲ್ಲಿ, ವ್ಯಾಜ್ಯದ ಮೊತ್ತವನ್ನಷ್ಟೇ ಹಿಡಿದಿಟ್ಟು ಉಳಿದದ್ದನ್ನು ಬಿಡುವ ವಿವೇಕವನ್ನು ಶಾಖೆಗಳು ತೋರಿದರೆ ಬೆಳೆಗಾರರ ಜಿಲ್ಲೆಯಾದ ಇಲ್ಲಿ ಎಷ್ಟೋ ಮನೆಗಳ ಬಟವಾಡೆ ನಿಲ್ಲುವುದಿಲ್ಲ.

ಪೋಷಕರಿಗೆ ಒಂದು ಸಣ್ಣ ಮಾತು. ಮಗನ ಪಾಸ್‌ಬುಕ್ಕನ್ನು ನೋಡಿ ಸಮಾಧಾನಪಡಬೇಡಿ, ಕಾರ್ಡಿನ ಸ್ಟೇಟ್‌ಮೆಂಟನ್ನು ಪಕ್ಕದಲ್ಲಿಟ್ಟು ನೋಡಿ. ಬೈದರೆ ಪ್ರಯೋಜನವಿಲ್ಲ. ಜೂಜಿನ ಚಟ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಇಂಟರ್ನೆಟ್ ಗೀಳಿಗೆಂದೇ 2014ರಿಂದ ಪ್ರತ್ಯೇಕ ಚಿಕಿತ್ಸಾಲಯ ನಡೆಯುತ್ತಿದೆ. ಅಷ್ಟು ದೂರ ಹೋಗಲಾಗದವರು ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ನಮ್ಮವನು ಮೂರು ಸಲ ಹೋಗಿ ಬಂದಿದ್ದಾನೆ. ಮೊದಲ ಸಲ ನಾನೂ ಜೊತೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ.

ಕಾರ್ಡಿನ ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಬದಲಿಸಿಕೊಡುವಂತೆ ಬ್ಯಾಂಕಿಗೆ ಬರೆದುಕೊಟ್ಟಿದ್ದೇವೆ, ಒಪ್ಪಿದ್ದಾರೆ. ಸ್ಥಗಿತವಾದ ಖಾತೆಗೆ ಎರಡು ಪತ್ರ ಹೋಗಿವೆ, ಉತ್ತರ ಬಂದಿಲ್ಲ. ಇನ್ನು ಮುಂದೆ ಕೈ ಜಾರದಂತೆ ಜೂಜಿನ ಪಾವತಿಯನ್ನಷ್ಟೇ ಮುಚ್ಚಿಕೊಡಿ ಎಂದು ಶಾಖೆಯಲ್ಲಿ ಕೇಳಿದಾಗ, ಹಾಗೆ ಒಂದನ್ನೇ ಮುಚ್ಚಲು ಬರುವುದಿಲ್ಲ, ಬೇಕಾದರೆ ಆನ್‌ಲೈನ್ ಪೂರ್ತಿ ಬಂದ್ ಮಾಡಿ ಎಂದರು. ಅವನು ಕಾರ್ಡನ್ನೂ ಯುಪಿಐಯನ್ನೂ ಪೂರ್ತಿ ಬಂದ್ ಮಾಡಿಸಿಕೊಂಡ. ಈಗ ತಿಂಗಳಿಗೊಮ್ಮೆ ಅರ್ಧ ದಿನ ರಜೆ ಹಾಕಿ, ವಿದ್ಯುತ್ ಕಚೇರಿಯ ಕೌಂಟರಿನ ಸರದಿಯಲ್ಲಿ ನಿಂತು ಮನೆಯ ಕರೆಂಟ್ ಬಿಲ್ಲನ್ನು ನೋಟು ಎಣಿಸಿ ಕಟ್ಟುತ್ತಿದ್ದಾನೆ.

ಇತಿ,
ನಿವೃತ್ತ ಬ್ಯಾಂಕ್ ನೌಕರ
ಪೊನ್ನಂಪೇಟೆ, ಕೊಡಗು
(ಮನೆಯವರ ಕೋರಿಕೆಯಂತೆ ಹೆಸರು ಪ್ರಕಟಿಸಬಾರದಾಗಿ ವಿನಂತಿ)